ಮೊದಲ ಗಂಟೆಯಲ್ಲೇ ಕರೆಯಿರಿ: ಜಲಾಂತರ್ಗಾಮಿ ಹೊಂದಿರುವ ದೇಶಗಳ ರಕ್ಷಣಾ ಸಚಿವರಿಗೆ, ನೌಕಾಪಡೆಗಳ ಮುಖ್ಯಸ್ಥರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಮುಳುಗಿದ ಜಲಾಂತರ್ಗಾಮಿಯೊಳಗೆ ಜೀವ ಹಿಡಿದುಕೊಂಡು ಕುಳಿತವರನ್ನು ಮೇಲೆ ತರುವ ವಿಚಾರದಲ್ಲಿ ನಿಮ್ಮೆಲ್ಲರಿಗೂ ಸೇರಿಸಿಯೇ ಒಂದು ಮನವಿ ಸಲ್ಲಿಸಲು ಈ ಪತ್ರ ಬರೆಯುತ್ತಿದ್ದೇನೆ. ನಿಮ್ಮ ಯಾವುದೇ ಜಲಾಂತರ್ಗಾಮಿ ಹೇಳಿದ ಹೊತ್ತಿಗೆ ಸಂಪರ್ಕಕ್ಕೆ ಬಾರದೆ ಹೋದರೆ, ಆ ಮೊದಲ ಗಂಟೆಯಲ್ಲೇ, ಯಾರ ಸಹಿಗೂ ಕಾಯದೆ ಹೊರಗಿನ ನೆರವನ್ನು ಕರೆಯುವ ಹೊಣೆಯನ್ನು ಪಾಳಿಯಲ್ಲಿರುವ ಅಧಿಕಾರಿಗೆ ಒಪ್ಪಿಸಿ. ಬೇಕಿದ್ದರೆ ಬಳಸಬಹುದಾದ ಅಧಿಕಾರವಾಗಿ ಬೇಡ, ತಪ್ಪಿಸಲಾಗದ ಕರ್ತವ್ಯವಾಗಿ ಒಪ್ಪಿಸಿ. ನೌಕೆ ಕ್ಷೇಮವಾಗಿದೆ ಎಂದು ಆಮೇಲೆ ತಿಳಿದರೆ ಹೊರಟವರನ್ನು ಅರ್ಧ ದಾರಿಯಿಂದ ವಾಪಸು ಕಳಿಸಬಹುದು, ವ್ಯರ್ಥವಾಗುವುದು ಇಂಧನ ಮಾತ್ರ. ತಡವಾಗಿ ಕರೆದಾಗ ಕಳೆದುಹೋದ ಗಂಟೆಗಳನ್ನು ಯಾವ ದೇಶದ ಖಜಾನೆಯೂ ಮರಳಿ ಕೊಳ್ಳಲಾರದು.

ಜಲಾಂತರ್ಗಾಮಿ ತಳ ಸೇರಿದರೆ ಒಳಗಿದ್ದವರ ಕಥೆ ಮುಗಿದಂತೆಯೇ ಎಂಬ ನಂಬಿಕೆ ಜನರಲ್ಲಿ ಬೇರೂರಿದೆ. ಆಳುವವರಲ್ಲೂ ಅದೇ ನಂಬಿಕೆ ಇದೆಯೇ ಎಂದು ಅನುಮಾನ ಬರುವಂತೆ ಕೆಲವು ಸರ್ಕಾರಗಳು ನಡೆದುಕೊಂಡಿವೆ. ಆದರೆ ಜಲಾಂತರ್ಗಾಮಿಗಳ ಚರಿತ್ರೆಯ ಮೊದಲ ಪುಟಗಳಲ್ಲೇ ಬದುಕಿ ಬಂದವರಿದ್ದಾರೆ. 1851ರ ಫೆಬ್ರುವರಿ 1ರಂದು ಜರ್ಮನಿಯ ಕೀಲ್ ಬಂದರಿನಲ್ಲಿ ವಿಲ್ಹೆಲ್ಮ್ ಬಾವರ್ ತಾನೇ ರೂಪಿಸಿದ ‘ಬ್ರಾಂಡ್‌ಟೌಖರ್’ ನೌಕೆಯ ಸಮೇತ ತಳ ಸೇರಿದ. ಜೊತೆಯಲ್ಲಿ ಇನ್ನಿಬ್ಬರಿದ್ದರು. ಹೊರಗಿನ ನೀರಿನ ಒತ್ತಡಕ್ಕೆ ಬಾಗಿಲು ಅಲುಗಾಡುತ್ತಿರಲಿಲ್ಲ. ಒಳಗೂ ನೀರು ಬರಲು ಬಿಟ್ಟು, ಒಳಗಿನ ಗಾಳಿಯ ಒತ್ತಡ ಹೊರಗಿನದಕ್ಕೆ ಸಮನಾದರೆ ಮಾತ್ರ ಬಾಗಿಲು ತೆರೆದೀತು ಎಂದು ಆತ ಹೆದರಿ ಕಂಗಾಲಾದ ಸಂಗಾತಿಗಳಿಗೆ ತಿಳಿಹೇಳಿದ. ಗಂಟೆಗಟ್ಟಲೆ ಕಾದು ಮೂವರೂ ಜೀವಂತವಾಗಿ ಮೇಲೆ ಬಂದರು. ಮುಳುಗಿದ ನೌಕೆಯಿಂದ ಹೊರಬರಲೆಂದು ಇವತ್ತು ಕಟ್ಟುವ ಪಾರಾಗುವ ಕೊಠಡಿಗಳೆಲ್ಲ ನಿಂತಿರುವುದು ಆ ಒಂದು ಭೌತಶಾಸ್ತ್ರದ ಮೇಲೆಯೇ.

ಅದಾದ ಮೇಲೆ ಮುಳುಗಿದವರು ಬಹಳ, ಬದುಕಿ ಬಂದವರು ಕಡಿಮೆ. ಏಕೆ ಕಡಿಮೆ ಎಂಬ ಪ್ರಶ್ನೆಗೆ ಉತ್ತರವನ್ನು ಸಮುದ್ರದಲ್ಲಿ ಹುಡುಕುವ ಮೊದಲು ದಡದ ಮೇಲಿನ ಕಡತಗಳಲ್ಲಿ ಹುಡುಕಬೇಕು ಎಂಬುದು ನನ್ನ ಅಭಿಪ್ರಾಯ.

1925ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ‘ಎಸ್-51’ ಜಲಾಂತರ್ಗಾಮಿಗೆ ಹಡಗೊಂದು ಡಿಕ್ಕಿ ಹೊಡೆದು 33 ಮಂದಿ ಸತ್ತರು. ಅದನ್ನು ಹುಡುಕಲು ಹೋದ ‘ಎಸ್-1’ರ ನಾಯಕ ಚಾರ್ಲ್ಸ್ ಮಾಮ್ಸೆನ್‌ಗೆ ಕಂಡದ್ದು ನೀರಿನ ಮೇಲೆ ಹರಡಿದ ಎಣ್ಣೆ ಮತ್ತು ಗುಳ್ಳೆಗಳು. ಕೆಳಗಿರುವವರಿಗಾಗಿ ಏನೂ ಮಾಡಲಾಗದ ಆ ನಿಸ್ಸಹಾಯಕತೆ ಆತನನ್ನು ಬಿಡಲಿಲ್ಲ. ಮೇಲಿನಿಂದ ಇಳಿದು ಜಲಾಂತರ್ಗಾಮಿಯ ಹ್ಯಾಚ್ (ಮೇಲ್ಬಾಗಿಲು) ಮೇಲೆ ಬಿಗಿಯಾಗಿ ಕೂತು, ಒಳಗಿನವರನ್ನು ಒದ್ದೆಯೂ ಆಗದಂತೆ ಹತ್ತಿಸಿಕೊಳ್ಳಬಲ್ಲ ಗಂಟೆಯಾಕಾರದ ಉಕ್ಕಿನ ಕೋಣೆಯೊಂದರ ವಿನ್ಯಾಸ ಬರೆದು ಮೇಲಧಿಕಾರಿಗಳಿಗೆ ಕಳಿಸಿದ. ಒಂದು ವರ್ಷ ದಾಟಿದರೂ ಉತ್ತರವಿಲ್ಲ. ಮುಂದೆ ಅದೇ ಇಲಾಖೆಗೆ ಆತನಿಗೆ ವರ್ಗವಾದಾಗ, ತನ್ನ ಪ್ರಸ್ತಾವ ಅಲ್ಲೇ ದೂಳು ಹಿಡಿದು ಬಿದ್ದಿರುವುದನ್ನು ಆತನೇ ಕಂಡ. ಎತ್ತಿ ಮತ್ತೆ ಮುಂದಿಟ್ಟರೆ, ಇದು ಕಾರ್ಯಸಾಧ್ಯವಲ್ಲ ಎಂದು ತಳ್ಳಿಹಾಕಿದರು.

1927ರ ಡಿಸೆಂಬರ್ 17ರಂದು ಅಮೆರಿಕದ್ದೇ ಆದ ‘ಎಸ್-4’ ಜಲಾಂತರ್ಗಾಮಿ ಮುಳುಗಿತು. ಆಳ ಕೇವಲ 34 ಮೀಟರ್. ಟಾರ್ಪೆಡೊ (ನೀರಿನಡಿ ಸಾಗಿ ಸಿಡಿಯುವ ಅಸ್ತ್ರ) ಕೋಣೆಯಲ್ಲಿ ಆರು ಮಂದಿ ಬದುಕಿದ್ದರು. ಕೆಳಗಿಳಿದ ಮುಳುಗುಗಾರ ಹೊರಗಿನಿಂದ ಕುಟ್ಟಿದಾಗ ಒಳಗಿನಿಂದ ಸುತ್ತಿಗೆಯ ಸದ್ದು ಮರಳಿ ಬಂತು. ಬಿರುಗಾಳಿ ಎದ್ದು ಮುಳುಗುಗಾರರು ಇಳಿಯುವಂತಿರಲಿಲ್ಲ. ಏನಾದರೂ ಆಸೆ ಇದೆಯೇ ಎಂದು ಆ ಆರು ಮಂದಿ ಮೋರ್ಸ್ ಸಂಕೇತದಲ್ಲಿ ಉಕ್ಕಿನ ಗೋಡೆ ಬಡಿದು ಕೇಳಿದರು. ಕೆಲವು ದಿನಗಳಲ್ಲಿ ಸದ್ದು ನಿಂತಿತು. ಸತ್ತವರು ಒಟ್ಟು 40. ಅವರ ಹ್ಯಾಚ್ ಮೇಲೆ ಇಳಿಸಲು ಬೇಕಿದ್ದ ಯಂತ್ರದ ನಕ್ಷೆ ಆಗಲೇ ಬರೆದಿಟ್ಟಾಗಿತ್ತು, ಒಪ್ಪಿಗೆ ಸಿಕ್ಕಿರಲಿಲ್ಲ. ಮಾನ್ಯರೇ, ನಿಮ್ಮ ನಿಮ್ಮ ಇಲಾಖೆಗಳಲ್ಲಿ ಒಪ್ಪಿಗೆಗೆ ಕಾಯುತ್ತಿರುವ ಇಂಥ ಪ್ರಸ್ತಾವಗಳು ಎಷ್ಟಿವೆ ಎಂದು ಒಮ್ಮೆ ತರಿಸಿ ನೋಡಿ.

ಎಸ್-4ರ ಸಾವುಗಳಾದ ಮೇಲೆ ಹಣ ಬಂತು, ಮನಸ್ಸೂ ಬಂತು. ಅಲನ್ ಮೆಕ್ಯಾನ್ ಎಂಬ ಅಧಿಕಾರಿಯ ಕೈಯಲ್ಲಿ ಆ ವಿನ್ಯಾಸ ಪೂರ್ಣಗೊಂಡು ‘ಮೆಕ್ಯಾನ್ ಚೇಂಬರ್’ ಆಯಿತು. ಅದು ಕೆಲಸಕ್ಕೆ ಬಂದದ್ದು 1939ರಲ್ಲಿ. ನ್ಯೂ ಹ್ಯಾಂಪ್‌ಷೈರ್ ಕರಾವಳಿಯಾಚೆ ಆ ವರ್ಷದ ಮೇ 23ರಂದು ‘ಸ್ಕ್ವಾಲಸ್’ ಎಂಬ ಅಮೆರಿಕದ ಹೊಸ ಜಲಾಂತರ್ಗಾಮಿ ಪರೀಕ್ಷೆಗೆಂದು ನೀರಿನಡಿ ಇಳಿದಾಗ ಎಂಜಿನ್‌ಗಳಿಗೆ ಗಾಳಿ ಒಯ್ಯುವ ದೊಡ್ಡ ಕವಾಟ ತೆರೆದೇ ಇತ್ತು. ಹಿಂಭಾಗಕ್ಕೆ ಸಮುದ್ರ ನುಗ್ಗಿ 26 ಮಂದಿ ಸತ್ತರು. ಮುಂಭಾಗದ 33 ಮಂದಿ 74 ಮೀಟರ್ ಆಳದಲ್ಲಿ, ಕತ್ತಲಲ್ಲಿ, ಚಳಿಯಲ್ಲಿ ಉಳಿದರು. ಅವರ ನಾಯಕ ಆಲಿವರ್ ನಾಕ್ವಿನ್ ಎಲ್ಲರನ್ನೂ ಸುಮ್ಮನೆ ಮಲಗಿಸಿದ. ಅನಗತ್ಯ ಮಾತಿಗೂ ಉಸಿರು ಖರ್ಚಾಗುತ್ತದೆ. ಹೊಗೆ ಕಾರುವ ರಾಕೆಟ್ ಹಾರಿಸಿದರು, ದೂರವಾಣಿ ಅಡಕವಾಗಿದ್ದ ತೇಲುಗೋಳವನ್ನು ಮೇಲಕ್ಕೆ ಬಿಟ್ಟರು. ಜೊತೆಗಾರ ನೌಕೆ ಅದನ್ನು ಕಂಡುಹಿಡಿಯಿತು.

ಮರುದಿನ ಬೆಳಿಗ್ಗೆ ‘ಫಾಲ್ಕನ್’ ಹಡಗಿನಿಂದ ಇಳಿದ ಮೊದಲ ಮುಳುಗುಗಾರ ಹ್ಯಾಚ್‌ಗೆ ಉಕ್ಕಿನ ಹಗ್ಗ ಕಟ್ಟಿದ. ಆ ಹಗ್ಗವನ್ನು ಸುತ್ತಿಕೊಳ್ಳುತ್ತ ಚೇಂಬರ್ ಕೆಳಗಿಳಿಯಿತು. ಮೊದಲ ಸಲ 7 ಮಂದಿ, ಆಮೇಲೆ 9, ಮತ್ತೆ 9. ನಾಲ್ಕನೆಯ ಸಲ ಉಳಿದ 8 ಮಂದಿಯನ್ನು ಹೊತ್ತು ಬರುವಾಗ ಕೆಳಗಿನ ಹಗ್ಗ ಸಿಕ್ಕಿಹಾಕಿಕೊಂಡಿತು. ಅದನ್ನು ಕತ್ತರಿಸಿದರೆ, ಮೇಲಕ್ಕೆಳೆಯುವ ಹಗ್ಗದ ಎಳೆಗಳು ಒಂದೊಂದಾಗಿ ಬಿಚ್ಚಿಕೊಳ್ಳತೊಡಗಿದವು. ಮುಳುಗುಗಾರರ ಪಡೆಯನ್ನು ಮುನ್ನಡೆಸುತ್ತಿದ್ದ ಮಾಮ್ಸೆನ್ ಚೇಂಬರನ್ನು ಮತ್ತೆ ತಳಕ್ಕೆ ಇಳಿಸಿದ. ಹೊಸ ಹಗ್ಗ ಕಟ್ಟುವ ಪ್ರಯತ್ನ ಕೈಗೂಡಲಿಲ್ಲ. ಕೊನೆಗೆ ಭಾರಕ್ಕೆಂದು ಒಳಗೆ ತುಂಬಿದ್ದ ನೀರನ್ನು ಅಳೆದು ಅಳೆದು ಹೊರಹಾಕಿಸಿ, ಯಂತ್ರದ ಎಳೆತ ಬಿಟ್ಟು ಡೆಕ್ ಮೇಲಿದ್ದವರ ಕೈಬಲದಿಂದ ಅದನ್ನು ಮೇಲೆಳೆದರು. ನಡುರಾತ್ರಿ ಕಳೆದ ಮೇಲೆ ಕೊನೆಯ ಮನುಷ್ಯ ಗಾಳಿಗೆ ಬಂದ. 33ಕ್ಕೆ 33 ಮಂದಿ ಉಳಿದರು.

ಇದಾಗಿ ಒಂಬತ್ತೇ ದಿನಕ್ಕೆ, ಜೂನ್ 1ರಂದು, ಬ್ರಿಟನ್ನಿನ ಲಿವರ್‌ಪೂಲ್ ಕೊಲ್ಲಿಯಲ್ಲಿ ‘ಥೀಟಿಸ್’ ಮುಳುಗಿತು. ಅದೂ ಹೊಸ ನೌಕೆ, ಅದೂ ಪರೀಕ್ಷಾರ್ಥ ಸಂಚಾರ. ಐದನೆಯ ಟಾರ್ಪೆಡೊ ನಾಳದ ಒಳಬಾಗಿಲು ತೆಗೆದಾಗ ಹೊರಬಾಗಿಲೂ ತೆರೆದಿತ್ತು. ನಾಳದಲ್ಲಿ ನೀರಿದೆಯೇ ಎಂದು ತೋರಿಸಬೇಕಿದ್ದ ಪುಟ್ಟ ರಂಧ್ರವನ್ನು ಬಣ್ಣ ಮುಚ್ಚಿಬಿಟ್ಟಿತ್ತು. ಕಾರ್ಖಾನೆಯ ಕೆಲಸಗಾರರೂ ಸೇರಿ ನೌಕೆಯಲ್ಲಿದ್ದವರು 103 ಮಂದಿ, ಅಂದರೆ ಸಾಮಾನ್ಯ ಸಿಬ್ಬಂದಿಯ ಸುಮಾರು ಎರಡು ಪಟ್ಟು. ಉಸಿರಾಡಲು ಇದ್ದ ಗಾಳಿ ಮಾತ್ರ ಒಂದು ಪಟ್ಟಿನದೇ. ದಡದಲ್ಲಿ ಕಳವಳದ ತಂತಿ ಸಂದೇಶ ಹೊತ್ತು ಹೊರಟ ಹುಡುಗನ ಸೈಕಲ್ ಪಂಕ್ಚರ್ ಆಗಿ ಅದು ತಡವಾಗಿ ತಲುಪಿತು. ಮರುದಿನ ಬೆಳಿಗ್ಗೆ ಹುಡುಕಿಕೊಂಡು ಬಂದವರಿಗೆ ನೌಕೆಯ ಹಿಂಭಾಗ ನೀರಿನಿಂದ ಮೇಲೆದ್ದು ನಿಂತಿರುವುದು ಕಣ್ಣಿಗೇ ಕಂಡಿತು. ನಾಲ್ಕು ಮಂದಿ ಪಾರಾಗುವ ಕೊಠಡಿಯ ಮೂಲಕ ಹೊರಬಂದರು. ಮಿಕ್ಕ 99 ಮಂದಿಗೆ ಅದು ಬಾಗಿಲಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಿಂಭಾಗವೂ ನೀರಿಗೆ ಜಾರಿತು.

ಈ ಎರಡು ನೌಕೆಗಳ ನಡುವೆ ಆಳದ ವ್ಯತ್ಯಾಸವಿದ್ದರೆ ಅದು ಥೀಟಿಸ್ ಪರವಾಗಿಯೇ ಇತ್ತು. ಅಮೆರಿಕದವರಿಗೆ ಚೇಂಬರ್ ಇತ್ತು, ಅದನ್ನು ಹೊತ್ತ ಹಡಗಿತ್ತು, ಎಲ್ಲಕ್ಕಿಂತ ಮಿಗಿಲಾಗಿ ಯಾರನ್ನು ಯಾವಾಗ ಕರೆಯಬೇಕು ಎಂಬುದು ಮೊದಲೇ ತೀರ್ಮಾನವಾಗಿತ್ತು. ಥೀಟಿಸ್ ದಡದಲ್ಲಿ ಈ ತೀರ್ಮಾನಗಳೆಲ್ಲ ನೌಕೆ ಮುಳುಗಿದ ಮೇಲೆ ಶುರುವಾದವು.

ಒಳಗೆ ಕುಳಿತವರಿಗೆ ಆ ಹೊತ್ತಿನಲ್ಲಿ ಏನಾಗುತ್ತಿರುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಇಂಥ ಅವಘಡವಾದಾಗಲೆಲ್ಲ ಟಿವಿ ವಾಹಿನಿಗಳು ಇನ್ನು ಇಷ್ಟು ಗಂಟೆಯ ಆಮ್ಲಜನಕ ಉಳಿದಿದೆ ಎಂದು ಪರದೆಯ ಮೂಲೆಯಲ್ಲಿ ಗಡಿಯಾರ ಓಡಿಸುತ್ತವೆ. ವಾಸ್ತವದಲ್ಲಿ ಆಮ್ಲಜನಕ ತೀರುವುದಕ್ಕೆ ಮೊದಲೇ ಸಾಮಾನ್ಯವಾಗಿ ಮನುಷ್ಯನನ್ನು ಹಿಡಿಯುವುದು ಆತ ಬಿಟ್ಟ ಉಸಿರೇ. ಸುಮ್ಮನೆ ಮಲಗಿದವನೂ ಗಂಟೆಗೆ ಸುಮಾರು 12ರಿಂದ 15 ಲೀಟರ್ ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತಾನೆ. ಹೊರಗಿನ ಗಾಳಿಯಲ್ಲಿ ಅದರ ಪ್ರಮಾಣ ಶೇ 0.04ರಷ್ಟು. ಶೇ 3ಕ್ಕೆ ಏರಿದರೆ ಏದುಸಿರು, ತಲೆನೋವು. ಇನ್ನೂ ಏರಿದರೆ ಬುದ್ಧಿ ಮಂಕಾಗುತ್ತದೆ, ಗೊತ್ತಿದ್ದ ಕವಾಟವೂ ಗುರುತು ಸಿಗುವುದಿಲ್ಲ. ಶೇ 10ರ ಆಸುಪಾಸಿನಲ್ಲಿ ಪ್ರಜ್ಞೆಯೇ ಇರುವುದಿಲ್ಲ. ಸೋರಿಕೆಯಿಂದಾಗಿ ಒಳಗಿನ ಒತ್ತಡ ಎರಡು ಪಟ್ಟಾಗಿದ್ದರಂತೂ ಶೇ 3 ಎಂಬುದು ದೇಹದ ಮೇಲೆ ಶೇ 6ರ ಹಾಗೆ ಕೆಲಸ ಮಾಡುತ್ತದೆ. ಥೀಟಿಸ್‌ನಲ್ಲಿ ಗಟ್ಟಿಮುಟ್ಟಾದ ಮನುಷ್ಯರು ಪಾರಾಗುವ ಕೊಠಡಿಯನ್ನು ಸರಿಯಾಗಿ ಬಳಸಲಾರದೆ ಹೋದದ್ದು ಈ ವಿಷದಿಂದ.

ಇದನ್ನು ತಡೆಯಲು ಇಂಗಾಲದ ಡೈಆಕ್ಸೈಡನ್ನು ಹೀರುವ ಲಿಥಿಯಂ ಹೈಡ್ರಾಕ್ಸೈಡ್‌ನ ಪರದೆಗಳನ್ನು ತೂಗುಹಾಕುತ್ತಾರೆ. ಉರಿದಾಗ ಆಮ್ಲಜನಕ ಬಿಡುವ ಕ್ಲೋರೇಟ್ ಬತ್ತಿಗಳನ್ನು ಹಚ್ಚುತ್ತಾರೆ. ಏಳು ದಿನಕ್ಕೆ ಸಾಲುವಷ್ಟು ಇವನ್ನೆಲ್ಲ ಇಟ್ಟುಕೊಳ್ಳಬೇಕೆಂಬುದು ಹಲವು ನೌಕಾಪಡೆಗಳ ಲೆಕ್ಕ. ಕರೆ ಬಂದ 72 ಗಂಟೆಗಳೊಳಗೆ ಮೊದಲ ತಂಡವನ್ನು ಹೊರತರಬೇಕೆಂಬುದು ಇಂದಿನ ಅಂತರರಾಷ್ಟ್ರೀಯ ರಕ್ಷಣಾ ತಂಡಗಳ ಗುರಿ. ಆದರೆ ಆ 72 ಗಂಟೆಗಳ ಎಣಿಕೆ ಶುರುವಾಗುವುದು ನೀವು ಕರೆದ ಮೇಲೆ. ಒಳಗಿನ ಗಾಳಿಯ ಎಣಿಕೆ ಶುರುವಾಗುವುದು ನೌಕೆ ಮುಳುಗಿದ ಮೇಲೆ. ಇವೆರಡರ ನಡುವಿನ ಅಂತರ ಹುಟ್ಟುವುದು ನಿಮ್ಮ ಕಚೇರಿಗಳಲ್ಲಿ.

ರಷ್ಯಾದ ಜಲಾಂತರ್ಗಾಮಿ ‘ಕುರ್ಸ್ಕ್’ನ ಹೆಸರು ಹೇಳದೆ ಈ ಮಾತು ಮುಂದುವರಿಯದು. 2000ದ ಆಗಸ್ಟ್ 12ರಂದು ಬೆಳಿಗ್ಗೆ ಹನ್ನೊಂದೂವರೆಯ ಸುಮಾರಿಗೆ ಬ್ಯಾರೆಂಟ್ಸ್ ಸಮುದ್ರದಲ್ಲಿ ಅದರೊಳಗೆ ಟಾರ್ಪೆಡೊ ಸಿಡಿಯಿತು. ಎರಡು ನಿಮಿಷ ಕಳೆದು ಇನ್ನೂ ಭಾರಿ ಸ್ಫೋಟ. ನಾರ್ವೆಯ ಭೂಕಂಪಮಾಪಕಗಳೂ ಅದನ್ನು ದಾಖಲಿಸಿದವು. ನೌಕೆ ಬಿದ್ದದ್ದು 108 ಮೀಟರ್ ಆಳದಲ್ಲಿ, ಮುಳುಗುಗಾರರು ತಲುಪಬಲ್ಲ ಜಾಗದಲ್ಲಿ. ಅಧಿಕೃತವಾಗಿ ತುರ್ತುಸ್ಥಿತಿ ಘೋಷಣೆಯಾದದ್ದು ಅದೇ ರಾತ್ರಿ ಹನ್ನೊಂದೂವರೆಗೆ. ಹನ್ನೆರಡು ಗಂಟೆ ಹೀಗೆ ಹೋಯಿತು. ಅಪಾಯ ಬಂದಾಗ ತಾನಾಗಿ ಕಳಚಿಕೊಂಡು ಮೇಲೆ ತೇಲಿ ಜಾಗ ತೋರಿಸಬೇಕಿದ್ದ ತೇಲುಗೋಳವನ್ನು ಅದಕ್ಕೂ ಮೊದಲೇ ನಿಷ್ಕ್ರಿಯಗೊಳಿಸಲಾಗಿತ್ತು. ರಷ್ಯಾದ ರಕ್ಷಣಾ ಕಿರುನೌಕೆಗಳು ಮತ್ತೆ ಮತ್ತೆ ಇಳಿದರೂ ಹ್ಯಾಚ್ ಮೇಲೆ ಕೂರಲಿಲ್ಲ. ನೆರವು ಕೊಡಲು ಹೊರಗಿನವರು ಸಿದ್ಧರಿದ್ದರೂ ಒಪ್ಪಿಗೆ ಸಿಕ್ಕಿದ್ದು ಆಗಸ್ಟ್ 16ಕ್ಕೆ. ನಾರ್ವೆಯ ಮುಳುಗುಗಾರರು ಬಂದು 21ರಂದು ಹ್ಯಾಚ್ ತೆರೆದಾಗ ಒಳಗೆಲ್ಲ ನೀರು.

ನೌಕೆಯಲ್ಲಿದ್ದ 118 ಮಂದಿಯಲ್ಲಿ 23 ಮಂದಿ ಸ್ಫೋಟದ ಬಳಿಕವೂ ಬದುಕಿದ್ದು ಒಂಬತ್ತನೆಯ ವಿಭಾಗದಲ್ಲಿ ಸೇರಿದ್ದರು. ಇದು ಗೊತ್ತಾದದ್ದು ಕ್ಯಾಪ್ಟನ್-ಲೆಫ್ಟಿನೆಂಟ್ ಡಿಮಿಟ್ರಿ ಕೊಲೆಸ್ನಿಕೋವ್ ಅಲ್ಲಿ ಬರೆದಿಟ್ಟ ಚೀಟಿಯಿಂದ. ಗಾಳಿಯನ್ನು ಶುದ್ಧಗೊಳಿಸಬೇಕಿದ್ದ ರಾಸಾಯನಿಕ ಫಲಕ ಎಣ್ಣೆ ಬೆರೆತ ನೀರಿಗೆ ತಾಗಿ ಬೆಂಕಿ ಎದ್ದು, ಕೆಲವೇ ಗಂಟೆಗಳಲ್ಲಿ ಅವರು ತೀರಿಕೊಂಡರು ಎಂದು ತನಿಖೆ ಹೇಳಿತು. ಹಾಗಾಗಿ ಬೇಗ ಕರೆದಿದ್ದರೂ ಆ 23 ಮಂದಿ ಉಳಿಯುತ್ತಿರಲಿಲ್ಲ ಎಂದು ವಾದಿಸುವವರಿದ್ದಾರೆ. ಇರಬಹುದು. ಆದರೆ ಆಗಸ್ಟ್ 13ರಂದು, 14ರಂದು, 15ರಂದು ದಡದ ಮೇಲೆ ಕುಳಿತು ಬೇಡ ಎಂದವರಿಗೆ ಇದು ಗೊತ್ತಿರಲಿಲ್ಲ. ಒಳಗೆ ಯಾರೋ ಬದುಕಿರಬಹುದು ಎಂಬ ಸಾಧ್ಯತೆ ಅವರ ಎದುರಿಗಿತ್ತು, ಅದನ್ನು ಇಟ್ಟುಕೊಂಡೇ ಅವರು ಕಾದರು. ನನಗೆ ಕ್ಷಮಿಸಲಾಗದೆ ಉಳಿದಿರುವುದು ಇದು.

ಐದು ವರ್ಷಗಳ ಬಳಿಕ ಅದೇ ದೇಶ ಬೇರೆ ರೀತಿ ನಡೆದುಕೊಂಡಿತು, ಅದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. 2005ರ ಆಗಸ್ಟ್ 4ರಂದು ಕಮ್‌ಚಟ್ಕಾ ಕರಾವಳಿಯಲ್ಲಿ ‘ಎಎಸ್-28’ ಎಂಬ ಕಿರುನೌಕೆ ಸುಮಾರು 190 ಮೀಟರ್ ಆಳದಲ್ಲಿ ಮೀನಿನ ಬಲೆ ಮತ್ತು ಕೇಬಲ್‌ಗಳಿಗೆ ಸಿಕ್ಕಿಹಾಕಿಕೊಂಡಿತು. ಬೇರೆಯವರನ್ನು ರಕ್ಷಿಸಲೆಂದೇ ಕಟ್ಟಿದ ನೌಕೆ ಅದು, ಒಳಗೆ ಏಳು ಮಂದಿ. ಈ ಸಲ ಹೊರದೇಶಗಳಿಗೆ ಕರೆ ಬೇಗ ಹೋಯಿತು. ಬ್ರಿಟನ್ ‘ಸ್ಕಾರ್ಪಿಯೊ’ ಎಂಬ ದೂರನಿಯಂತ್ರಿತ ಯಂತ್ರವನ್ನು ಸೇನಾ ವಿಮಾನದಲ್ಲಿ ಹೇರಿ ಕಳಿಸಿತು. ಅದು ಕೆಳಗಿಳಿದು ಬಲೆಯ ಎಳೆಗಳನ್ನು ಕತ್ತರಿಸಿತು. ಆಗಸ್ಟ್ 7ರಂದು ಎಎಸ್-28 ಮೇಲಕ್ಕೆ ಬಂತು, ಏಳೂ ಮಂದಿ ತಾವೇ ಹ್ಯಾಚ್ ತೆರೆದು ಹೊರಬಂದರು. ಆ ಕರೆಯಿಂದ ರಷ್ಯಾದ ಯಾವ ಗುಟ್ಟು ಹೋಯಿತು, ಯಾವ ಮರ್ಯಾದೆ ಹೋಯಿತು? ಜಗತ್ತು ಆ ದಿನ ಸಂತೋಷಪಟ್ಟಿತು.

ಸೇನೆಗೆ ಸೇರದ ನೌಕೆಯೊಂದರ ಉದಾಹರಣೆಯೂ ಇದೆ. 1973ರ ಆಗಸ್ಟ್ ಕೊನೆಯಲ್ಲಿ ಅಟ್ಲಾಂಟಿಕ್ ತಳದಲ್ಲಿ ದೂರವಾಣಿ ಕೇಬಲ್ ಹುಗಿಯುತ್ತಿದ್ದ ‘ಪೈಸಿಸ್-3’ ಎಂಬ ಕಿರುನೌಕೆ ಐರ್ಲೆಂಡ್‌ನಾಚೆ 480 ಮೀಟರ್ ಆಳಕ್ಕೆ ಬಿತ್ತು. ಒಳಗೆ ರೋಜರ್ ಚಾಪ್‌ಮನ್, ರೋಜರ್ ಮ್ಯಾಲಿನ್ಸನ್ ಇಬ್ಬರೇ. ಕೆನಡಾದಿಂದ ಮತ್ತೊಂದು ಕಿರುನೌಕೆ, ಅಮೆರಿಕದಿಂದ ದೂರನಿಯಂತ್ರಿತ ಯಂತ್ರ ಬಂದವು. ಹಲವು ವಿಫಲ ಪ್ರಯತ್ನಗಳಾದ ಮೇಲೆ, ಮೂರು ದಿನ ಕಳೆದು ಅವರನ್ನು ಮೇಲೆತ್ತಿದಾಗ 12 ನಿಮಿಷದ ಆಮ್ಲಜನಕ ಉಳಿದಿತ್ತು. ಅಲ್ಲಿ ಯಾರಾದರೂ ಒಂದು ದಿನ ಯೋಚಿಸೋಣ ಎಂದಿದ್ದರೆ ಏನಾಗುತ್ತಿತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ನಿಮ್ಮಲ್ಲಿ ಹಲವರ ಮೊದಲ ಆಕ್ಷೇಪ ಗೋಪ್ಯತೆಯದ್ದು ಎಂದು ಬಲ್ಲೆ. ಅಣ್ವಸ್ತ್ರ ಹೊತ್ತ ಜಲಾಂತರ್ಗಾಮಿಗಳು ವಾರಗಟ್ಟಲೆ ಮೌನವಾಗಿ ಸಂಚರಿಸುವುದೇ ಅವುಗಳ ಕೆಲಸ, ಅವುಗಳಿಗೆ ಈ ನಿಯಮ ಹಾಗೆಯೇ ಅನ್ವಯಿಸದು, ಒಪ್ಪುತ್ತೇನೆ. ಆದರೆ ಅವಘಡಗಳಲ್ಲಿ ಬಹಳಷ್ಟು ನಡೆದಿರುವುದು ಅಲ್ಲಿ ಅಲ್ಲ. ಬಂದರಿನ ಬಾಯಲ್ಲಿ, ಹಡಗುಗಳ ಓಡಾಟದ ದಾರಿಯಲ್ಲಿ, ಪರೀಕ್ಷಾರ್ಥ ಸಂಚಾರದಲ್ಲಿ, ತಾಲೀಮಿನ ನಡುವೆ ನಡೆದಿವೆ. ಅಲ್ಲಿ ಸಂಪರ್ಕದ ವೇಳಾಪಟ್ಟಿ ಇರುತ್ತದೆ. ಇನ್ನು ರಕ್ಷಣೆಗೆ ಬಂದವನಿಗೆ ಬೇಕಾದದ್ದು ನೌಕೆ ಬಿದ್ದ ಜಾಗ, ಅದು ಎಷ್ಟು ಓರೆಯಾಗಿದೆ, ಒಳಗಿನ ಒತ್ತಡ ಎಷ್ಟು, ಹ್ಯಾಚ್ ಎಲ್ಲಿದೆ, ಎಷ್ಟು ಜನರಿದ್ದಾರೆ ಎಂಬಷ್ಟು ಮಾತ್ರ. ಕ್ಷಿಪಣಿಯ ವಿವರವನ್ನು, ಸದ್ದಿನಿಂದ ನೀರಿನಡಿ ಹುಡುಕುವ ಸೋನಾರ್‌ನ ಗುಟ್ಟನ್ನು ಯಾರೂ ಕೇಳುವುದಿಲ್ಲ.

ಹ್ಯಾಚ್‌ನ ವಿಷಯವನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಬಜೆಟ್ ಪುಸ್ತಕಗಳಲ್ಲಿ ಇದು ಕಾಣುವುದೇ ಇಲ್ಲ. ರಕ್ಷಣಾ ಕಿರುನೌಕೆಯ ಅಡಿಯಲ್ಲಿ ಲಂಗದಂತೆ ಇಳಿಬಿದ್ದ ಉಕ್ಕಿನ ಅಂಚೊಂದು ಇರುತ್ತದೆ. ಅದು ಹ್ಯಾಚ್ ಸುತ್ತಲಿನ ನುಣುಪಾದ ಉಂಗುರದ ಮೇಲೆ ಕೂರಬೇಕು. ಕೂತ ಮೇಲೆ ಅದರೊಳಗಿನ ನೀರನ್ನು ಪಂಪ್ ಮಾಡಿ ತೆಗೆಯುತ್ತಾರೆ. ಆಗ ಸಮುದ್ರವೇ ಕಿರುನೌಕೆಯನ್ನು ಅದುಮಿ ಹಿಡಿಯುತ್ತದೆ. 100 ಮೀಟರ್ ಆಳದಲ್ಲಿ ಉಂಗುರದ ವ್ಯಾಸ ಒಂದೂವರೆ ಮೀಟರ್ ಎಂದಿಟ್ಟುಕೊಂಡರೆ ಆ ಹಿಡಿತ 170 ಟನ್ನಿಗೂ ಹೆಚ್ಚು. ಯಾವ ಬೋಲ್ಟೂ ಬೇಡದಷ್ಟು ಭದ್ರ. ಆದರೆ ಆ ಉಂಗುರದ ಮೇಲೆ ತುಕ್ಕಿನ ಚಕ್ಕೆಯಿದ್ದರೆ, ಹೊರಮೈಯ ರಬ್ಬರ್ ಹೊದಿಕೆಯ ತುಂಡೊಂದು ಚಾಚಿಕೊಂಡಿದ್ದರೆ, ದುರಸ್ತಿಯ ವೇಳೆ ಯಾರೋ ಬೆಸುಗೆ ಹಾಕಿದ ಕೊಂಡಿ ಉಳಿದಿದ್ದರೆ, ನೀರು ಒಸರುತ್ತದೆ, ಹಿಡಿತ ಸಿಗುವುದಿಲ್ಲ, ಸಾವಿರಾರು ಕಿಲೋಮೀಟರ್ ದಾಟಿ ಬಂದ ಯಂತ್ರ ಅಲ್ಲೇ ಸುತ್ತಾಡುತ್ತ ಉಳಿಯುತ್ತದೆ. ಈ ಉಂಗುರದ ಅಳತೆಗೆ ನ್ಯಾಟೊ ಸೇನಾ ಕೂಟದ ದೇಶಗಳು ರೂಪಿಸಿದ ಸಮಾನ ಮಾನದಂಡ ಈಗಾಗಲೇ ಇದೆ, ಆ ಕೂಟಕ್ಕೆ ಸೇರದ ದೇಶಗಳೂ ಅದನ್ನು ಪಾಲಿಸಬಹುದು. ಹೊಸ ಜಲಾಂತರ್ಗಾಮಿ ಕೊಳ್ಳುವಾಗ ಇದನ್ನು ಒಪ್ಪಂದದಲ್ಲೇ ಬರೆಯಿರಿ. ಹಳೆಯವಕ್ಕೆ ಪ್ರತಿ ದುರಸ್ತಿಯ ಬಳಿಕ ಬೇರೆ ದೇಶದ ಕಿರುನೌಕೆಯೊಂದನ್ನು ನಿಜವಾಗಿಯೂ ನೀರಿನಡಿಯಲ್ಲಿ ಕೂರಿಸಿ ನೋಡಿ. ಕಾಗದದ ಮೇಲೆ ಕೂತದ್ದು ನೀರಿನಲ್ಲಿ ಕೂರುತ್ತದೆಂಬ ಭರವಸೆಯಿಲ್ಲ.

ತಾವಾಗಿಯೇ ಹೊರಬರುವ ದಾರಿಯೂ ಇದೆ. ಮೈತುಂಬ ಮುಚ್ಚುವ, ಗಾಳಿ ತುಂಬಿದ ಉಡುಪು ತೊಟ್ಟು 180 ಮೀಟರ್ ಆಳದವರೆಗಿನಿಂದ ಸೆಕೆಂಡಿಗೆ ಎರಡು ಮೂರು ಮೀಟರ್ ವೇಗದಲ್ಲಿ ಮೇಲೇರಬಹುದು. ಆದರೆ ಮೇಲೆ ಯಾರೂ ಇಲ್ಲದಿದ್ದರೆ ಅದೂ ವ್ಯರ್ಥ. 1950ರ ಜನವರಿಯಲ್ಲಿ ಥೇಮ್ಸ್ ನದಿಯ ಅಳಿವೆಯಲ್ಲಿ ಮುಳುಗಿದ ಬ್ರಿಟನ್ನಿನ ಜಲಾಂತರ್ಗಾಮಿ ‘ಟ್ರುಕ್ಯುಲೆಂಟ್’ನಿಂದ ಹಲವಾರು ಮಂದಿ ಜೀವಂತವಾಗಿಯೇ ಹೊರಬಂದಿದ್ದರು. ಕತ್ತಲು, ಕೊರೆಯುವ ನೀರು, ಇಳಿತದ ಸೆಳೆತ. ಸತ್ತ 64 ಮಂದಿಯಲ್ಲಿ ಹೆಚ್ಚಿನವರು ಸತ್ತದ್ದು ನೌಕೆಯೊಳಗಲ್ಲ, ಅದರಿಂದ ಪಾರಾದ ಮೇಲೆ.

ಕುರ್ಸ್ಕ್‌ನ ಪಾಠದಿಂದ ಹುಟ್ಟಿದ ಒಂದು ಒಳ್ಳೆಯ ವ್ಯವಸ್ಥೆ ಈಗ ನಿಮ್ಮೆಲ್ಲರಿಗೂ ಲಭ್ಯವಿದೆ. ‘ಇಸ್ಮರ್ಲೋ’ ಎಂದು ಕರೆಯಲ್ಪಡುವ ಅಂತರರಾಷ್ಟ್ರೀಯ ಸಂಪರ್ಕ ಕಚೇರಿಗೆ ಒಂದು ಸಂದೇಶ ಹೋದರೆ, ಯಾವ ದೇಶದ ರಕ್ಷಣಾ ಸಾಧನ ಎಲ್ಲಿದೆ, ಯಾವುದು ಬೇಗ ತಲುಪಬಲ್ಲದು ಎಂಬುದನ್ನು ಅದು ಹೊಂದಿಸಿ ಕೊಡುತ್ತದೆ. ಬ್ರಿಟನ್, ಫ್ರಾನ್ಸ್, ನಾರ್ವೆ ಸೇರಿ ನಡೆಸುವ ರಕ್ಷಣಾ ವ್ಯವಸ್ಥೆ 610 ಮೀಟರ್ ಆಳದವರೆಗೆ ಇಳಿದು ಒಂದು ಸಲಕ್ಕೆ 15 ಮಂದಿಯನ್ನು ತರಬಲ್ಲದು. ಒತ್ತಡದಲ್ಲಿದ್ದವರನ್ನು ಅದೇ ಒತ್ತಡದಲ್ಲಿಟ್ಟು ಹಡಗಿನ ಮೇಲಿನ ಕೊಠಡಿಗೆ ಸಾಗಿಸುವ ಏರ್ಪಾಡೂ ಅದರಲ್ಲಿದೆ. ಅಮೆರಿಕ, ಸಿಂಗಪುರ, ಭಾರತ, ಜಪಾನ್, ಆಸ್ಟ್ರೇಲಿಯಾ, ಚೀನಾಗಳ ಬಳಿಯೂ ಇಂಥ ಸಾಧನಗಳಿವೆ. ಸಾಧನಗಳ ಕೊರತೆ ಮೊದಲಿನಷ್ಟಿಲ್ಲ. ಕೊರತೆಯಿರುವುದು ದಾರಿಯಲ್ಲಿ.

2017ರ ನವೆಂಬರ್ 15ರಂದು ಅರ್ಜೆಂಟೀನಾದ ‘ಸ್ಯಾನ್ ಹುವಾನ್’ 44 ಮಂದಿಯೊಂದಿಗೆ ಕಾಣೆಯಾದಾಗ ಅಮೆರಿಕ ತನ್ನ ಸಾಧನಗಳನ್ನು ವಿಮಾನಗಳಲ್ಲಿ ಕಳಿಸಿತು. ಅವನ್ನು ಕೂರಿಸಲು ಬಂದರಿನಲ್ಲಿ ನಾಗರಿಕ ಹಡಗೊಂದನ್ನು ಹಿಡಿದು, ಅದರ ಡೆಕ್ಕನ್ನು ಬೆಸುಗೆ ಹಾಕಿ ಬದಲಿಸಬೇಕಾಯಿತು. ಅದಕ್ಕೇ ದಿನಗಳು ಹಿಡಿದವು. 2021ರ ಏಪ್ರಿಲ್ 21ರಂದು ಇಂಡೊನೇಷ್ಯಾದ ‘ನಂಗಲ’ 53 ಮಂದಿಯೊಂದಿಗೆ ಮುಳುಗಿದಾಗ ಮರುದಿನವೇ ವಿಶಾಖಪಟ್ಟಣದಿಂದ ಭಾರತದ ರಕ್ಷಣಾ ಸಾಧನ ಹೊತ್ತ ಹಡಗು ಹೊರಟಿತು, ಸಿಂಗಪುರದ ಹಡಗೂ ಹೊರಟಿತು. ಇಂಡೊನೇಷ್ಯಾ ಕೂಡಲೇ ಕರೆದದ್ದು ಮೆಚ್ಚಬೇಕಾದ ನಡೆ. ಆದರೆ ಅವರು ತಲುಪುವ ಮೊದಲೇ ಎಲ್ಲ ಮುಗಿದಿತ್ತು.

ಇಲ್ಲಿ ಒಂದು ಸತ್ಯವನ್ನು ಮುಚ್ಚಿಡಬಾರದು. ಸ್ಯಾನ್ ಹುವಾನ್ ಒಂದು ವರ್ಷದ ಬಳಿಕ ಸಿಕ್ಕಿದ್ದು 907 ಮೀಟರ್ ಆಳದಲ್ಲಿ, ನಂಗಲ ಸಿಕ್ಕಿದ್ದು 838 ಮೀಟರ್ ಆಳದಲ್ಲಿ ಮೂರು ತುಂಡಾಗಿ. ಅಷ್ಟು ಆಳದಲ್ಲಿ ಉಕ್ಕಿನ ಹೊರಗೋಡೆಯೇ ನಿಲ್ಲುವುದಿಲ್ಲ, ರಕ್ಷಿಸಲು ಯಾರೂ ಉಳಿದಿರುವುದಿಲ್ಲ. ಅಂಥ ಕಡೆ ಉಳಿಸಬಲ್ಲದ್ದು ಮುಳುಗದಂತೆ ನೋಡಿಕೊಳ್ಳುವ ಶಿಸ್ತು ಒಂದೇ. 1963ರಲ್ಲಿ ತನ್ನ ಜಲಾಂತರ್ಗಾಮಿ ‘ಥ್ರೆಶರ್’ನ 129 ಮಂದಿಯನ್ನು ಕಳೆದುಕೊಂಡ ಮೇಲೆ ಅಮೆರಿಕ ಪ್ರತಿ ಬೆಸುಗೆಯ, ಪ್ರತಿ ಕೊಳವೆಯ ದಾಖಲೆ ಇಡುವ ‘ಸಬ್‌ಸೇಫ್’ ವ್ಯವಸ್ಥೆ ತಂದಿತು. ನೀವೂ ಅಂಥದನ್ನು ತನ್ನಿ. ಆದರೆ ಆಳ ಸಮುದ್ರದಲ್ಲಿ ರಕ್ಷಣೆ ಸಾಧ್ಯವಿಲ್ಲ ಎಂಬುದನ್ನು ಮುಂದಿಟ್ಟುಕೊಂಡು, ಸಾಧ್ಯವಿರುವ ಕರಾವಳಿಯ ನೀರಿನಲ್ಲೂ ಸಿದ್ಧತೆ ಕೈಬಿಡಬೇಡಿ. ನೌಕೆ ಯಾವ ಆಳದಲ್ಲಿದೆ ಎಂಬುದು ಮೊದಲ ಗಂಟೆಯಲ್ಲಿ ಯಾರಿಗೂ ತಿಳಿದಿರುವುದಿಲ್ಲ. ಆದ್ದರಿಂದಲೇ ಎಲ್ಲರೂ ಬದುಕಿದ್ದಾರೆ ಎಂದುಕೊಂಡೇ ಹೊರಡಬೇಕು.

ಮನೆಯವರ ವಿಚಾರವನ್ನೂ ಹೇಳುತ್ತೇನೆ. ಕುರ್ಸ್ಕ್ ದುರಂತದ ದಿನಗಳಲ್ಲಿ ಅಧಿಕಾರಿಗಳನ್ನು ಎದುರು ನಿಂತು ಪ್ರಶ್ನಿಸುತ್ತಿದ್ದ ತಾಯಿಯೊಬ್ಬರಿಗೆ ಸಭೆಯಲ್ಲೇ ಇಂಜೆಕ್ಷನ್ ಚುಚ್ಚಿ ಹೊರಗೆ ಸಾಗಿಸಿದ್ದನ್ನು ಜಗತ್ತು ಟಿವಿಯಲ್ಲಿ ನೋಡಿತು. ಆ ತಾಯಿ ಕೇಳುತ್ತಿದ್ದದ್ದು ರಾಜ್ಯದ ರಹಸ್ಯವನ್ನಲ್ಲ. ನೌಕೆ ಸಂಪರ್ಕ ತಪ್ಪಿದೆ ಎಂಬ ಸುದ್ದಿ ಮನೆಯವರಿಗೆ ವಾಹಿನಿಗಳಿಗಿಂತ ಮೊದಲು ತಲುಪಬೇಕು. ತಿಳಿದಷ್ಟನ್ನು ತಿಳಿದಂತೆ, ತಿಳಿಯದ್ದನ್ನು ತಿಳಿಯದು ಎಂದೇ ಹೇಳಬಲ್ಲ ಒಬ್ಬ ಹಿರಿಯ ಅಧಿಕಾರಿ ಅವರ ಜೊತೆ ಕೊನೆಯವರೆಗೂ ಇರಬೇಕು. ಇದಕ್ಕೆ ಹಣ ಬೇಡ, ಹೊಸ ಯಂತ್ರ ಬೇಡ.

ಈಗ ನಾನು ನಿಮ್ಮಿಂದ ಲಿಖಿತವಾಗಿ ಕೇಳುತ್ತಿರುವುದು ಇಷ್ಟು. ನಿಮ್ಮ ಜಲಾಂತರ್ಗಾಮಿ ಸಂಪರ್ಕ ತಪ್ಪಿದರೆ ಹೊರಗಿನ ನೆರವು ಕೇಳುವ ಅಧಿಕಾರ ಇವತ್ತು ಯಾವ ದರ್ಜೆಯ ಅಧಿಕಾರಿಗಿದೆ, ಎಷ್ಟು ಹೊತ್ತಿನೊಳಗೆ? ನಿಮ್ಮ ನೌಕೆಯ ಹ್ಯಾಚ್ ಮೇಲೆ ರಕ್ಷಣಾ ಕಿರುನೌಕೆಯೊಂದು ನೀರಿನಡಿಯಲ್ಲಿ ಕೊನೆಯ ಬಾರಿ ಕೂತದ್ದು ಯಾವ ವರ್ಷ? ಸಾಧನ ವಿಮಾನದಿಂದ ಇಳಿದರೆ ಅದನ್ನು ಹೊರಬಲ್ಲ ಹಡಗು ಯಾವುದು, ಅದರ ಡೆಕ್ ಮೊದಲೇ ಅಳೆದು ಸಿದ್ಧಪಡಿಸಿದೆಯೇ? ತುರ್ತು ತೇಲುಗೋಳಗಳು ಕೆಲಸ ಮಾಡುತ್ತಿವೆಯೇ, ಅಥವಾ ತಾಲೀಮಿನಲ್ಲಿ ತೊಂದರೆ ಕೊಡುತ್ತವೆಂದು ಯಾರಾದರೂ ಬಿಗಿದಿಟ್ಟಿದ್ದಾರೆಯೇ? ಸಿಬ್ಬಂದಿಗಿಂತ ಹೆಚ್ಚು ಜನರನ್ನು ಹತ್ತಿಸಿಕೊಂಡು ಹೊರಟಾಗ ಅವರ ಲೆಕ್ಕಕ್ಕೂ ಉಸಿರಿನ ಸಾಮಗ್ರಿ ಇರುತ್ತದೆಯೇ?

ಇವುಗಳಲ್ಲಿ ಯಾವ ಉತ್ತರವೂ ಶತ್ರುವಿನ ಕೈಗೆ ಆಯುಧವಾಗುವಂಥದ್ದಲ್ಲ. ನಿಮ್ಮ ಸಂಸತ್ತುಗಳ ಮುಂದೆ ಪ್ರತಿ ವರ್ಷ ಇಡಬಹುದಾದ ಒಂದು ಪುಟದ ವಿಷಯ. ಮುಂದಿನ ರಕ್ಷಣಾ ಬಜೆಟ್ ಮಂಡನೆಯಾಗುವ ಮೊದಲು ಆ ಪುಟವನ್ನು ಪ್ರಕಟಿಸಿ.

ನಿಮ್ಮ ಉತ್ತರದ ನಿರೀಕ್ಷೆಯಲ್ಲಿ,
ಒಬ್ಬ ನಾಗರಿಕ